'ರೆಡಿ' ಎಂದು ಕಾಯುತ್ತಿದ್ದ ಪರದೆ

ಕಂಪ್ಯೂಟರ್ ಪ್ರೋಗ್ರಾಂಗಳು ಬಾನುಲಿಯಲ್ಲಿ ಪ್ರಸಾರವಾಗುತ್ತಿದ್ದ ಕಾಲವೊಂದಿತ್ತು. 1983ರಲ್ಲಿ, ಆಗಿನ ಯುಗೊಸ್ಲಾವಿಯದ ಬೆಲ್‌ಗ್ರೇಡ್ ಬಾನುಲಿಯಲ್ಲಿ 'ವೆಂಟಿಲೇಟರ್ 202' ಎಂಬ ಕಾರ್ಯಕ್ರಮ ಬರುತ್ತಿತ್ತು. ನಿರೂಪಕ ಜೋರನ್ ಮೋದ್ಲಿ ಕೇಳುಗರಿಗೆ ಟೇಪ್ ರೆಕಾರ್ಡರ್ ಸಿದ್ಧ ಮಾಡಿಕೊಳ್ಳಲು ಹೇಳಿ, ಒಂದಷ್ಟು ಹೊತ್ತು ಬರೀ ಕೀರಲು ಸದ್ದನ್ನು ಪ್ರಸಾರ ಮಾಡುತ್ತಿದ್ದರು. ಆ ಸದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಮನೆಯ ಪುಟ್ಟ ಕಂಪ್ಯೂಟರಿಗೆ ಕೇಳಿಸಿದರೆ ಅದೊಂದು ಆಟವೋ ಲೆಕ್ಕದ ಪ್ರೋಗ್ರಾಮೋ ಆಗಿ ಪರದೆಯ ಮೇಲೆ ಮೂಡುತ್ತಿತ್ತು. ಹಾಲೆಂಡಿನ ಸಾರ್ವಜನಿಕ ಬಾನುಲಿ ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಬೇರೆ ಬೇರೆ ಕಂಪನಿಯ ಯಂತ್ರಗಳಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಸ್ವಲ್ಪ ಬೇರೆಯಾಗಿರುತ್ತಿತ್ತಲ್ಲ, ಊರೂರಿನ ಕನ್ನಡದ ಹಾಗೆ. ಎಲ್ಲಕ್ಕೂ ಸಲ್ಲುವ ಆಜ್ಞೆಗಳನ್ನಷ್ಟೇ ಆರಿಸಿಕೊಂಡು 'ಬೇಸಿಕೋಡ್' ಎಂಬ ಒಪ್ಪಂದದ ಭಾಷೆಯೊಂದನ್ನು ಅಲ್ಲಿಯವರು ರೂಪಿಸಿದರು. ಒಂದೇ ಪ್ರಸಾರವನ್ನು ಯಾವ ಕಂಪನಿಯ ಯಂತ್ರದವರೂ ಬಳಸಿಕೊಳ್ಳುವಂತಾಯಿತು. ಬಣ್ಣ, ವಿಶೇಷ ಸದ್ದು, ತಮ್ಮ ತಮ್ಮ ಯಂತ್ರದ ಮೆರುಗು, ಇವನ್ನೆಲ್ಲ ಬಿಟ್ಟುಕೊಟ್ಟು ಎಲ್ಲರೂ ಓದಬಲ್ಲ ಸಾಲುಗಳಿಗೆ ಜನ ಒಪ್ಪಿಕೊಂಡಿದ್ದರು.

ಆ ಕಾಲವನ್ನು, ಆ ಭಾಷೆಗಳನ್ನು ನೆನೆದು ಹಂಬಲಿಸುವವರು ಇಂದು ಜಗತ್ತಿನಾದ್ಯಂತ ಇದ್ದಾರೆ. ಬೇಸಿಕ್, ಲೋಗೋ, ಟರ್ಬೋ ಪಾಸ್ಕಲ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ನಡುವಯಸ್ಸು ದಾಟಿದ ಎಂಜಿನಿಯರುಗಳ ಮುಖ ಅರಳುತ್ತದೆ. ಸತ್ತುಹೋದ ಯಂತ್ರಗಳನ್ನು ಹೊಸ ಯಂತ್ರದೊಳಗೆ ಅನುಕರಿಸಿ ಓಡಿಸುವ ತಂತ್ರಾಂಶಗಳು ಬಂದಿವೆ, ಹಳೆಯ ಕೀಬೋರ್ಡುಗಳನ್ನು ಉಜ್ಜಿ ಒರೆಸಿ ಮತ್ತೆ ಬದುಕಿಸುವವರಿದ್ದಾರೆ. ಇದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಈ ಹಂಬಲದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ಒಂದು, ಯಂತ್ರದ ಚಿಕ್ಕತನ: ಅದನ್ನು ತಳದಿಂದ ತುದಿಯವರೆಗೆ ಒಬ್ಬ ಮನುಷ್ಯ ತಿಳಿದುಕೊಳ್ಳಲು ಸಾಧ್ಯವಿತ್ತು. ಇನ್ನೊಂದು, ಯಂತ್ರ ನೀಡುತ್ತಿದ್ದ ಆಹ್ವಾನ: ಸ್ವಿಚ್ ಹಾಕಿದ ಕೂಡಲೇ ಅದು ಬಳಸುವವರನ್ನು ಬರೆಯಲು ಕರೆಯುತ್ತಿತ್ತು. ಚಿಕ್ಕತನ ಆ ಕಾಲದ ಬೆಲೆ ಮತ್ತು ಬಿಡಿಭಾಗಗಳಿಂದ ಬಂದದ್ದು, ಅದನ್ನು ಯಾರೂ ಬೇಕೆಂದು ತಂದದ್ದಲ್ಲ. ಆಹ್ವಾನ ಮಾತ್ರ ಕೆಲವರು ಯೋಚಿಸಿ ತೆಗೆದುಕೊಂಡ ನಿರ್ಧಾರ. ಹಂಬಲಿಸುವವರು ಇವೆರಡನ್ನೂ ಒಂದೇ ಎಂದು ಭಾವಿಸುತ್ತಾರೆ, ಹಂಬಲವನ್ನು ತಳ್ಳಿಹಾಕುವವರೂ ಹಾಗೆಯೇ ಭಾವಿಸುತ್ತಾರೆ. ಬಿಡಿಸಿ ನೋಡಿದರೆ, ಹೋದದ್ದರಲ್ಲಿ ಯಾವುದು ಮತ್ತೆ ಬರಲಾರದು, ಯಾವುದನ್ನು ನಾವು ಕೇಳಿ ಪಡೆಯಬಹುದು ಎನ್ನುವುದು ಕಾಣುತ್ತದೆ.

ನಿರ್ಧಾರದ ಕತೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಶುರುವಾಗುತ್ತದೆ. ಅಲ್ಲಿನ ಗಣಿತದ ಅಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ರೂಪಿಸಿದ ಬೇಸಿಕ್ ಭಾಷೆಯ ಮೊದಲ ಪ್ರೋಗ್ರಾಂಗಳು 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಓಡಿದವು. ಅದಕ್ಕೆ ಮುಂಚೆ ಕಂಪ್ಯೂಟರ್ ಬಳಸುವುದೆಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೌಂಟರಿನಲ್ಲಿ ಕೊಟ್ಟು, ಗಂಟೆಗಳ ಮೇಲೋ ಮಾರನೆಯ ದಿನವೋ ಉತ್ತರ ತರುವುದು. ಫೋರ್ಟ್ರಾನ್ ಭಾಷೆಯಲ್ಲಿ ಆಜ್ಞೆ ಕಾರ್ಡಿನ ಏಳನೆಯ ಕಾಲಮ್ಮಿನಿಂದಲೇ ಶುರುವಾಗಬೇಕು, ಎಪ್ಪತ್ತೆರಡರ ಒಳಗೆ ಮುಗಿಯಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಸರದಿ ಮತ್ತೆ ಮೊದಲಿಂದ. ಎಂಜಿನಿಯರು, ಭೌತವಿಜ್ಞಾನಿ ಇದನ್ನು ಸಹಿಸಿಯಾರು. ಆದರೆ ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಲ್ಲಿ ವಿಜ್ಞಾನದವರು ಕಾಲು ಭಾಗ ಮಾತ್ರ, ಉಳಿದವರು ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರ ಓದುತ್ತಿದ್ದವರು. ನಾಳೆ ಕಚೇರಿ, ಸರ್ಕಾರ, ವ್ಯಾಪಾರ ನಡೆಸುವವರು ಈ ಮುಕ್ಕಾಲು ಭಾಗದವರೇ ಆದ್ದರಿಂದ ಕಂಪ್ಯೂಟರ್ ಅವರಿಗೂ ತಿಳಿದಿರಬೇಕು ಎಂಬುದು ಕೆಮೆನಿ ಮತ್ತು ಕರ್ಟ್ಜ್ ಅವರ ವಾದ. ಹಾಗಾಗಿ ಒಂದೇ ಯಂತ್ರಕ್ಕೆ ಟೆಲಿಟೈಪ್ ಎಂಬ ಹಲವು ಟೈಪ್ ಯಂತ್ರಗಳನ್ನು ಜೋಡಿಸಿ, ಒಬ್ಬೊಬ್ಬರಿಗೂ ಕ್ಷಣಕ್ಷಣ ಹಂಚಿ, ಉತ್ತರ ಅಲ್ಲಿಯೇ ಬರುವಂತೆ ಮಾಡಿದರು. ಈ ಹಂಚಿಕೆಯ ವ್ಯವಸ್ಥೆಯ ದೊಡ್ಡ ಪಾಲನ್ನು ಬರೆದವರು ಪದವಿ ವಿದ್ಯಾರ್ಥಿಗಳೇ. ಗ್ರಂಥಾಲಯದ ಕಪಾಟಿನಿಂದ ವಿದ್ಯಾರ್ಥಿ ತನಗೆ ಬೇಕಾದ ಪುಸ್ತಕವನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ಕಂಪ್ಯೂಟರನ್ನೂ ಬಳಸಬೇಕು ಎಂಬುದು ಅವರ ಹೋಲಿಕೆ.

ಭಾಷೆಯನ್ನೂ ಅದೇ ಕಣ್ಣಿನಿಂದ ಕಡೆದರು. ಮೊದಲ ಬೇಸಿಕ್‌ನಲ್ಲಿ ಇದ್ದ ಆಜ್ಞೆಗಳು ಹೆಚ್ಚೆಂದರೆ ಹದಿನೈದು: ಲೆಟ್, ಪ್ರಿಂಟ್, ಇಫ್, ಗೋಟೂ, ಫಾರ್, ನೆಕ್ಸ್ಟ್, ಹೀಗೆ. ಬೆಲೆಗಳನ್ನು ಇಟ್ಟುಕೊಳ್ಳಲು ಒಂದು ಅಕ್ಷರದ ಹೆಸರು, ಇಲ್ಲವೇ ಅಕ್ಷರದ ಮುಂದೊಂದು ಅಂಕಿ. ಹಾಗಾಗಿ ಸಿಗುತ್ತಿದ್ದ ಹೆಸರುಗಳು ಒಟ್ಟು 286, ಅಷ್ಟೇ. ಯಂತ್ರದೊಡನೆ ಮಾತು ಆರಂಭಿಸಲು 'ಹಲೋ' ಎಂದು ಟೈಪ್ ಮಾಡಬೇಕಿತ್ತು. ಪೂರ್ಣಾಂಕ, ದಶಮಾಂಶ ಎಂಬ ಭೇದವನ್ನು ಕೂಡ ಕಲಿಯುವವರ ತಲೆಗೆ ಹಾಕದೆ ಒಳಗೇ ನಿಭಾಯಿಸಿಕೊಂಡರು. ಫೋರ್ಟ್ರಾನ್‌ನಲ್ಲಿ ಐ ಅಕ್ಷರದಿಂದ ಎನ್ ಅಕ್ಷರದವರೆಗೆ ಶುರುವಾಗುವ ಹೆಸರುಗಳೆಲ್ಲ ಪೂರ್ಣಾಂಕ, ಉಳಿದವೆಲ್ಲ ದಶಮಾಂಶ ಎಂದು ನೆನಪಿಟ್ಟುಕೊಳ್ಳಬೇಕಾಗಿತ್ತು. ಬೇಸಿಕ್ ಚಿಕ್ಕದಾದದ್ದು ಯಂತ್ರ ಬಡವಾಗಿತ್ತೆಂಬ ಕಾರಣಕ್ಕೆ ಮಾತ್ರವಲ್ಲ. ಅದೇ ಕಾಲದಲ್ಲಿ, ಹೆಚ್ಚುಕಮ್ಮಿ ಅಂಥದ್ದೇ ಯಂತ್ರಗಳ ಮೇಲೆ, ಅದಕ್ಕಿಂತ ಎಷ್ಟೋ ಜಟಿಲವಾದ ಭಾಷೆಗಳಿದ್ದವು. ಚಿಕ್ಕದಾಗಿಸಿದ್ದು ಬೇರೆಯವರೂ ಬರಲಿ ಎಂದು.

ಹದಿಮೂರು ವರ್ಷಗಳ ಮೇಲೆ ಈ ಆಹ್ವಾನ ಮನೆಗಳಿಗೆ ಬಂತು. 1977ರಲ್ಲಿ ಆಪಲ್ 2, ಟಿಆರ್‌ಎಸ್-80, ಕಮೋಡೋರ್ ಪೆಟ್ ಎಂಬ ಮೂರು ಯಂತ್ರಗಳು ಮಾರುಕಟ್ಟೆಗೆ ಬಂದವು, ಮೂರರ ಒಡಲಲ್ಲೂ ಬೇಸಿಕ್ ಇತ್ತು. 1982ರಲ್ಲಿ ಬಂದ ಕಮೋಡೋರ್ 64ರ ಸ್ವಿಚ್ ಹಾಕಿದರೆ ನೀಲಿ ಪರದೆಯ ಮೇಲೆ ಮುಖ್ಯವಾಗಿ ಎರಡು ಸಂಗತಿ ಮೂಡುತ್ತಿದ್ದವು: ನಿಮ್ಮ ಪ್ರೋಗ್ರಾಮಿಗೆ 38,911 ಬೈಟ್ ಜಾಗ ಉಳಿದಿದೆ ಎಂಬ ಲೆಕ್ಕ, ಮತ್ತು 'ರೆಡಿ' ಎಂಬ ಒಂದು ಪದ. ಅದರ ಕೆಳಗೆ ಮಿನುಗುವ ಚೌಕ. ಈ ಎರಡು ಸಂಗತಿಗಳ ಮೇಲೆ ಸ್ವಲ್ಪ ನಿಲ್ಲೋಣ. ಯಂತ್ರ ತನ್ನ ಮಿತಿಯನ್ನು ಮೊದಲೇ ಲೆಕ್ಕ ಕೊಟ್ಟು ಹೇಳುತ್ತಿದೆ, ಆಮೇಲೆ ನೀವು ಹೇಳಿ ಎಂದು ಕಾಯುತ್ತಿದೆ. ಆಟ ಆಡಬೇಕೆಂದರೂ ಒಂದೆರಡು ಆಜ್ಞೆ ಟೈಪ್ ಮಾಡಿಯೇ ತೀರಬೇಕು. ಪ್ರೋಗ್ರಾಂ ಬರೆಯುವವರಿಗೆ ಒಂದು ಬಾಗಿಲು, ಬಳಸುವವರಿಗೆ ಇನ್ನೊಂದು ಎಂಬ ಏರ್ಪಾಡು ಇರಲಿಲ್ಲ. ಪತ್ರಿಕೆಗಳು ಪುಟಗಟ್ಟಲೆ ಪ್ರೋಗ್ರಾಂ ಅಚ್ಚು ಹಾಕುತ್ತಿದ್ದವು, ಓದುಗರು ಅದನ್ನು ಸಾಲು ಸಾಲಾಗಿ ಟೈಪ್ ಮಾಡಿ, ತಪ್ಪು ಹುಡುಕಿ, ಓಡಿಸುತ್ತಿದ್ದರು. ಡೇವಿಡ್ ಆಲ್ ಎಂಬಾತ ಸಂಪಾದಿಸಿದ ಬೇಸಿಕ್ ಆಟಗಳ ಪುಸ್ತಕ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಅದರ ಪುಟಗಳ ತುಂಬ ಇದ್ದದ್ದು ಪ್ರೋಗ್ರಾಮಿನ ಸಾಲುಗಳು. ಆಟವನ್ನು ಆಡುವ ಮೊದಲು ಅದನ್ನು ಓದಿಯೇ ಇರಬೇಕಾದ ಓದುಗ ವರ್ಗವೊಂದು ಅಂದು ಹುಟ್ಟಿತ್ತು.

ಚಿಕ್ಕತನಕ್ಕೆ ಸಾಕ್ಷಿ ಬೇಕೆಂದರೆ ಬ್ರಿಟನ್ನಿನ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ನೋಡಬೇಕು. ಅದರೊಳಗೆ ಅಳಿಸಲಾಗದಂತೆ ಬರೆದಿಟ್ಟಿದ್ದ ಇಡೀ ತಂತ್ರಾಂಶ, ಬೇಸಿಕ್ ಸೇರಿ, 16 ಕಿಲೋಬೈಟ್. 1983ರಲ್ಲಿ ಇಯಾನ್ ಲೋಗನ್ ಮತ್ತು ಫ್ರಾಂಕ್ ಓಹಾರಾ ಅದನ್ನು ಬೈಟ್ ಬೈಟ್ ಬಿಡಿಸಿ, ಪ್ರತಿಯೊಂದಕ್ಕೂ ಟಿಪ್ಪಣಿ ಬರೆದು, ಪುಸ್ತಕವಾಗಿ ಪ್ರಕಟಿಸಿದರು. ಅಂದರೆ ಮೇಜಿನ ಮೇಲಿನ ಯಂತ್ರ ಸ್ವಿಚ್ ಹಾಕಿದಾಗಿನಿಂದ ಆರಿಸುವವರೆಗೆ ಏನೇನು ಮಾಡುತ್ತದೆ ಎನ್ನುವುದನ್ನು, ಪಠ್ಯವನ್ನೂ ವ್ಯಾಖ್ಯಾನವನ್ನೂ ಒಟ್ಟಿಗೆ ಅಚ್ಚುಹಾಕಿದ ಹಳಗನ್ನಡ ಕಾವ್ಯವೊಂದನ್ನು ಓದುವ ಹಾಗೆ, ಒಬ್ಬ ಶಾಲಾ ಹುಡುಗಿ ರಜೆಯಲ್ಲಿ ಕೂತು ಓದಿ ಮುಗಿಸಬಹುದಾಗಿತ್ತು. ಮೊದಲೇ ಹೇಳಿದ ಯುಗೊಸ್ಲಾವಿಯದಲ್ಲಿ ವೋಯಾ ಆಂತೋನಿಚ್ ಎಂಬ ತಂತ್ರಜ್ಞ ಗಲಾಕ್ಸಿಯಾ ಎಂಬ ಕಂಪ್ಯೂಟರನ್ನು ರೂಪಿಸಿ ಅದರ ನಕಾಶೆಯನ್ನೇ ಪತ್ರಿಕೆಯಲ್ಲಿ ಪ್ರಕಟಿಸಿದರು, ಜನ ಬಿಡಿಭಾಗ ತಂದು ಮನೆಯಲ್ಲಿಯೇ ಬೆಸುಗೆ ಹಾಕಿ ಕಟ್ಟಿಕೊಂಡರು. ಅದರ ತಂತ್ರಾಂಶ 4 ಕಿಲೋಬೈಟ್. ತಪ್ಪಾದಾಗ ಅದು ಹೇಳಬಲ್ಲ ಮಾತುಗಳು ಮೂರೇ ಮೂರು: ಏನು, ಹೇಗೆ, ಕ್ಷಮಿಸಿ. ಬರೆದದ್ದು ಅರ್ಥವಾಗದಿದ್ದರೆ 'ಏನು?', ಅರ್ಥವಾದರೂ ಮಾಡಲಾಗದ ಲೆಕ್ಕವಾದರೆ 'ಹೇಗೆ?', ಜಾಗ ಸಾಲದಿದ್ದರೆ 'ಕ್ಷಮಿಸಿ'. ಯಂತ್ರದ ಮಿತಿಯನ್ನು ಇದಕ್ಕಿಂತ ನೇರವಾಗಿ ಹೇಳಿದ ಪರದೆ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಇಂದಿನ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಲ್ಲಿ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. ಅದು ಯಾರು ಬೇಕಾದರೂ ನೋಡಬಹುದಾದ ತೆರೆದ ಪಠ್ಯವೇ ಹೌದು, ಆದರೂ ಒಬ್ಬರ ಆಯುಸ್ಸಿನಲ್ಲಿ ಓದಿ ಮುಗಿಯುವಂಥದ್ದಲ್ಲ.

ಇಲ್ಲಿ ಮೊದಲ ಆಕ್ಷೇಪಣೆ ಏಳುತ್ತದೆ. ಇದೆಲ್ಲ ಹರೆಯದ ನೆನಪು, ಹದಿನೈದರ ವಯಸ್ಸಿನಲ್ಲಿ ಕೇಳಿದ ಚಿತ್ರಗೀತೆ ಐವತ್ತರಲ್ಲೂ ಇಂಪಾಗಿರುವ ಹಾಗೆ, ಭಾಷೆಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಹರೆಯವೇ ಕಾರಣವಾಗಿದ್ದರೆ ಆ ಕಾಲದ ಎಲ್ಲ ಭಾಷೆಗಳಿಗೂ ಒಂದೇ ತೂಕದ ಹಂಬಲ ಇರಬೇಕಿತ್ತು. ಕೋಬಾಲ್ ನೋಡಿ. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಯಲ್ಲಿ ನಡೆದ ಸಭೆಯಿಂದ, ಗ್ರೇಸ್ ಹಾಪರ್ ಅವರ ಹಿಂದಿನ ಕೆಲಸದ ಆಧಾರದ ಮೇಲೆ ಹುಟ್ಟಿದ ಭಾಷೆ ಅದು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬೀದಿ ಬೀದಿಯ ತರಬೇತಿ ಕೇಂದ್ರಗಳು ಅದನ್ನು ಕಲಿಸಿದವು. 2000ನೇ ಇಸವಿ ಬಂದಾಗ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಂಗಳು ಕೆಡದಂತೆ ಸರಿಪಡಿಸುವ ಕೆಲಸ ಈ ಊರಿನ ಸಾವಿರಾರು ಯುವಕ ಯುವತಿಯರಿಗೆ ಮೊದಲ ಸಂಬಳ ಕೊಟ್ಟಿತು. ಅವರೂ ಹರೆಯದಲ್ಲಿದ್ದರು. ಕೋಬಾಲ್ ಬಗ್ಗೆ ಅವರಿಗೆ ಗೌರವವಿದೆ, ಋಣದ ಭಾವವಿದೆ. ಸ್ಪೆಕ್ಟ್ರಮ್ ಬಳಸಿದವರಲ್ಲಿ ಕಾಣುವಂಥ ತುಡಿತ ಮಾತ್ರ ಅಪರೂಪ. ದೂರದ ಬ್ಯಾಂಕೊಂದರ ಲಕ್ಷಾಂತರ ಸಾಲುಗಳಲ್ಲಿ ತಮ್ಮ ಪಾಲಿಗೆ ಬಂದ ತುಣುಕನ್ನು ಅವರು ತಿದ್ದಿದರು, ಇಡೀ ಯಂತ್ರ ಅವರ ಕೈಗೆ ಎಂದೂ ಬರಲಿಲ್ಲ. ಹಂಬಲದ ಬೇರು ವಯಸ್ಸಿನಲ್ಲಿ ಎಷ್ಟಿದೆಯೋ ಆ ಸ್ವಾಧೀನದಲ್ಲಿಯೂ ಅಷ್ಟೇ ಇದೆ ಎನ್ನಲು ಇದೊಂದು ಕಾರಣ.

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಿದ್ದರೆ ಆ ಕಾಲವನ್ನೇ ಕಾಣದವರ ಕಡೆ ತಿರುಗಬೇಕು. 2015ರಲ್ಲಿ ಬಳಕೆಗೆ ಬಂದ ಪಿಕೋ-8 ಎಂಬುದು ಎಂದೂ ಇಲ್ಲದ ಯಂತ್ರವೊಂದರ ಅನುಕರಣೆ. 128ಕ್ಕೆ 128 ಚುಕ್ಕೆಗಳ ಪರದೆ, 16 ಬಣ್ಣ, ಪ್ರೋಗ್ರಾಮಿನಲ್ಲಿ ಗರಿಷ್ಠ 8,192 ಘಟಕಗಳು. ಈ ಮಿತಿಗಳಲ್ಲಿ ಒಂದೂ ಇಂದಿನ ಕಂಪ್ಯೂಟರಿಗೆ ಅಗತ್ಯವಲ್ಲ, ಎಲ್ಲವನ್ನೂ ಬೇಕೆಂದೇ ಹಾಕಿಕೊಂಡದ್ದು. ತೆರೆದರೆ ಹಳೆಯ ಕಾಲದ ಹಾಗೆ ಆಜ್ಞೆಗಾಗಿ ಕಾಯುವ ಪರದೆ. ಮುಂದೆ ಲೋಕಪ್ರಸಿದ್ಧವಾದ ಸೆಲೆಸ್ಟ್ ಎಂಬ ಆಟದ ಮೊದಲ ರೂಪವನ್ನು ಇಬ್ಬರು ಇದರ ಮೇಲೆಯೇ ನಾಲ್ಕು ದಿನದಲ್ಲಿ ಕಟ್ಟಿದರು. 1980ರ ದಶಕದ ಆಮೇಲೆ ಹುಟ್ಟಿದ ಎಷ್ಟೋ ಮಂದಿ ಇದನ್ನು ಪ್ರೀತಿಯಿಂದ ಬಳಸುತ್ತಾರೆ, ಅವರಿಗೆ ನೆನಪಿಸಿಕೊಳ್ಳಲು ಅಂಥ ಬಾಲ್ಯವಿರಲಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ಪಿಕೋ-8ರ ಭಾಷೆ ಬೇಸಿಕ್ ಅಲ್ಲ, ಲುವಾ. ಜನರಿಗೆ ಬೇಕಾಗಿದ್ದದ್ದು ಹಳೆಯ ಭಾಷೆಯೇ ಆಗಿದ್ದರೆ ಅದನ್ನೇ ಇಡಬಹುದಿತ್ತು. ಭಾಷೆ ಬದಲಾಯಿತು, ಗಾತ್ರವೂ ಕಾಯುವ ಪರದೆಯೂ ಉಳಿದವು.

ಎರಡನೆಯ ಆಕ್ಷೇಪಣೆ ಡೈಕ್‌ಸ್ಟ್ರಾ ಅವರದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಹಾಲೆಂಡಿನ ಈ ಮಹಾ ಗಣಕವಿಜ್ಞಾನಿ 1968ರಲ್ಲಿ ಗೋಟೂ ಆಜ್ಞೆಯ ವಿರುದ್ಧ ಬರೆದ ಪತ್ರ ಪ್ರೋಗ್ರಾಮಿಂಗಿನ ದಿಕ್ಕನ್ನೇ ಬದಲಿಸಿತು. ಬೇಸಿಕ್‌ನಲ್ಲಿ ಮೊದಲು ಪಳಗಿದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಅಸಾಧ್ಯಕ್ಕೆ ಹತ್ತಿರ ಎಂದು ಅವರು 1975ರಲ್ಲಿ ಕಟುವಾಗಿಯೇ ಬರೆದರು. ಅವರ ತಕರಾರು ಅರ್ಥವಾಗುವಂಥದ್ದೇ. ಪ್ರತಿ ಸಾಲಿಗೊಂದು ಸಂಖ್ಯೆ ಕೊಟ್ಟು, ಬೇಕಾದಾಗ ಈ ಸಾಲಿನಿಂದ ಆ ಸಾಲಿಗೆ ಹಾರುವ ಪ್ರೋಗ್ರಾಂ ಐವತ್ತು ಸಾಲಿದ್ದಾಗ ಸರಳ, ಐನೂರಾದಾಗ ಸಿಕ್ಕುಸಿಕ್ಕು. ಬರೆದವರಿಗೇ ಆರು ತಿಂಗಳ ಮೇಲೆ ಅದರ ತಲೆಬುಡ ತಿಳಿಯುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಬೇಸಿಕ್ ಪರವಾಗಿ ಮಾತಾಡುವುದು ಪ್ರಾಮಾಣಿಕವಲ್ಲ. ಕೆಮೆನಿ ಮತ್ತು ಕರ್ಟ್ಜ್ ಕೂಡ ಮನೆಯ ಯಂತ್ರಗಳ ಹರಕು ಮುರುಕು ಬೇಸಿಕ್ ಕಂಡು ನೊಂದುಕೊಂಡವರೇ. ಗೋಟೂ ಬೇಡದ, ಸಾಲುಸಂಖ್ಯೆ ಬೇಡದ ಟ್ರೂ ಬೇಸಿಕ್ ಎಂಬ ತಿದ್ದಿದ ರೂಪವನ್ನು 1985ರ ಹೊತ್ತಿಗೆ ಅವರೇ ಹೊರತಂದರು. ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಕ್ಕಾಗಿ ಸೋಫಿ ವಿಲ್ಸನ್ ಬರೆದ ಬೇಸಿಕ್‌ನಲ್ಲಿ ಪ್ರೋಗ್ರಾಮನ್ನು ಹೆಸರಿಟ್ಟ ತುಂಡುಗಳಾಗಿ ಒಡೆದು ಬರೆಯುವ ಅನುಕೂಲ 1981ರಲ್ಲಿಯೇ ಇತ್ತು. ಹಾಗಿದ್ದರೂ ಡೈಕ್‌ಸ್ಟ್ರಾ ಅವರ ಮಾತಿನ ಎರಡನೆಯ ಅರ್ಧವನ್ನು, ಅಂದರೆ ಇಂಥವರು ಮತ್ತೆ ಸರಿಹೋಗಲಾರರು ಎಂಬುದನ್ನು, ಇತಿಹಾಸ ಒಪ್ಪಲಿಲ್ಲ. ಲಿನಕ್ಸ್ ತಿರುಳನ್ನು ಆರಂಭಿಸಿದ ಲಿನುಸ್ ಟೊರ್ವಾಲ್ಡ್ಸ್ ಮೊದಲು ಬರೆದದ್ದು ಅಜ್ಜನ ಕಮೋಡೋರ್ ವಿಕ್-20ರಲ್ಲಿ, ಬೇಸಿಕ್‌ನಲ್ಲಿ. ಮಗು ತೊದಲುವಾಗ ಮಾಡುವ ವ್ಯಾಕರಣದೋಷವನ್ನು ಮುಂದೆ ತಿದ್ದಿಕೊಳ್ಳುತ್ತದೆ. ತೊದಲಲು ಯಾರ ಮುಂದೆಯೂ ಅವಕಾಶ ಸಿಗದಿದ್ದರೆ ತಿದ್ದಲು ಮಾತೇ ಇರುವುದಿಲ್ಲ. ಕರಾರುವಾಕ್ಕಾದ ಭಾಷೆ ಬೇಕೆಂಬ ಡೈಕ್‌ಸ್ಟ್ರಾ ಅವರ ಹಟ ಸರಿ. ಬಾಗಿಲಲ್ಲಿಯೇ ಆ ಹಟ ಹಿಡಿಯಬೇಕೆಂಬುದು ಸರಿಯಲ್ಲ.

ಮೂರನೆಯ ಆಕ್ಷೇಪಣೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು. ಆ ಪರದೆ 'ರೆಡಿ' ಎಂದು ಕರೆದದ್ದು ಯಾರನ್ನು? ಅಮೆರಿಕದಲ್ಲಿ ಗಣಕವಿಜ್ಞಾನದ ಪದವಿ ಪಡೆದವರಲ್ಲಿ ಮಹಿಳೆಯರ ಪಾಲು 1984ರ ಸುಮಾರಿಗೆ 37 ಪ್ರತಿಶತ ಇದ್ದದ್ದು, 2010ರ ದಶಕದ ಆರಂಭಕ್ಕೆ 18 ಪ್ರತಿಶತಕ್ಕೆ ಇಳಿಯಿತು. ಗ್ರೇಸ್ ಹಾಪರ್, ಜೀನ್ ಸ್ಯಾಮೆಟ್ ಅವರಂಥ ಮಹಿಳೆಯರು ಕಟ್ಟಿದ ಕ್ಷೇತ್ರ ಇದು. ಮನೆಗೆ ಬಂದ ಪುಟ್ಟ ಕಂಪ್ಯೂಟರನ್ನು ಜಾಹೀರಾತುಗಳು ಹುಡುಗರ ಆಟಿಕೆಯಾಗಿ ತೋರಿಸಿದವು, ಅದು ಮಗನ ಕೋಣೆ ಸೇರಿತು. ಆ ಹುಡುಗರು ಕಾಲೇಜಿಗೆ ಬರುವಾಗ ಐದಾರು ವರ್ಷದ ಅನುಭವ ಹೊತ್ತು ಬಂದರು, ಹುಡುಗಿಯರು ಮೊದಲ ದಿನವೇ ಹಿಂದುಳಿದವರಂತೆ ಕಂಡರು. ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಶರ್ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿದೆ. ಪ್ರವೇಶಕ್ಕೆ ಹಳೆಯ ಅನುಭವವನ್ನು ದೊಡ್ಡದು ಮಾಡುವುದನ್ನು ಬಿಟ್ಟು, ಹೊಸಬರಿಗೆ ಬೇರೆ ಹಾದಿ ಹಾಕಿಕೊಟ್ಟ ಮೇಲೆ ಅಲ್ಲಿ ಗಣಕವಿಜ್ಞಾನಕ್ಕೆ ಸೇರುವ ಹುಡುಗಿಯರ ಪಾಲು 1995ರ 7 ಪ್ರತಿಶತದಿಂದ 2000ದಲ್ಲಿ 42 ಪ್ರತಿಶತಕ್ಕೆ ಏರಿತು. ನಮ್ಮ ದೇಶದ ಮಾತು ಬೇರೆ, ಆದರೆ ಕಡಿಮೆ ಕಹಿಯಲ್ಲ. 1984ರಲ್ಲಿ ಶುರುವಾದ ಶಾಲಾ ಕಂಪ್ಯೂಟರ್ ಸಾಕ್ಷರತೆಯ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಯಂತ್ರಗಳು ಭಾರತದ ಆಯ್ದ ಶಾಲೆಗಳಿಗೆ ಬಂದವು. ಆಯ್ದ ಎಂಬ ಪದದಲ್ಲೇ ಎಲ್ಲ ಅಡಗಿದೆ. ಲೆಟ್, ಪ್ರಿಂಟ್, ಗೋಟೂ ಎಂಬ ಆಜ್ಞೆಗಳು ಇಂಗ್ಲಿಷ್ ಬಲ್ಲ ಮಗುವಿಗೆ ಮಾತು, ಕನ್ನಡ ಶಾಲೆಯ ಮಗುವಿಗೆ ಬರೀ ಗುರುತು. ಕನ್ನಡದ ಒಂದು ಅಕ್ಷರವೂ ಆ ಪರದೆಗಳಲ್ಲಿ ತಾನಾಗಿ ಮೂಡುತ್ತಿರಲಿಲ್ಲ. ಹಾಗಾಗಿ ಅದು ಎಲ್ಲರ ಚಿನ್ನದ ಕಾಲವಾಗಿತ್ತೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಆದರೆ ಈ ದೋಷಗಳೆಲ್ಲ ಆಹ್ವಾನ ಸಾಕಷ್ಟು ದೂರ ತಲುಪಲಿಲ್ಲ ಎಂಬ ದೋಷಗಳು. ಊಟಕ್ಕೆ ಕರೆದದ್ದು ಕೆಲವರನ್ನೇ ಎಂದಾದರೆ ಉಳಿದವರನ್ನೂ ಕರೆಯಬೇಕು, ಒಲೆ ಆರಿಸುವುದು ಅದಕ್ಕೆ ಉತ್ತರವಾಗುವುದಿಲ್ಲ.

ಒಲೆ ಆರಿದ್ದು ನಿಜ. 2006ರಲ್ಲಿ ವಿಜ್ಞಾನ ಕಾದಂಬರಿಕಾರ ಡೇವಿಡ್ ಬ್ರಿನ್ ಮಗನಿಗೆ ಬೇಸಿಕ್ ಕಲಿಸಬಹುದಾದ ಯಂತ್ರ ಮನೆಯಲ್ಲಿ ಒಂದೂ ಇಲ್ಲವಲ್ಲ ಎಂದು ಲೇಖನ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಅದೇ ಸುಮಾರಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಜೊತೆಗಾರರು, ಗಣಕವಿಜ್ಞಾನಕ್ಕೆ ಅರ್ಜಿ ಹಾಕುವವರ ಸಂಖ್ಯೆಯೂ ಬರುವವರ ಕೈಪಳಗೂ ಇಳಿಯುತ್ತಿರುವುದನ್ನು ಕಂಡು ಕಳವಳಗೊಂಡಿದ್ದರು. ಹಿಂದಿನ ತಲೆಮಾರು ಬಿಬಿಸಿ ಮೈಕ್ರೋ ಮುಂದೆ ಕೂತು ಬೆಳೆದದ್ದು, ಈಗಿನದು ಆಟದ ಪೆಟ್ಟಿಗೆಯ ಮುಂದೆ ಎಂಬುದು ಅವರ ನಿದಾನ. ಅವರು ಹಳಹಳಿಸುತ್ತಾ ಕೂರಲಿಲ್ಲ. 2012ರ ಫೆಬ್ರವರಿ 29ರಂದು 35 ಡಾಲರಿನ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮಾರಾಟಕ್ಕೆ ಬಂತು. ಅದರ ಮಾದರಿಗಳಿಗೆ ಎ, ಬಿ ಎಂದು ಹೆಸರಿಟ್ಟದ್ದು ಬಿಬಿಸಿ ಮೈಕ್ರೋ ನೆನಪಿಗೆ. 'ಪೈ' ಬಂದದ್ದು ಪೈಥಾನ್ ಭಾಷೆಯಿಂದ. ಈ ಸಂಗತಿ ನನ್ನ ವಾದದ ನಡುಗಂಬ. ಹಂಬಲದಿಂದಲೇ ಹುಟ್ಟಿದ ಈ ಯಂತ್ರಕ್ಕೆ ಹಳೆಯ ಭಾಷೆ ಬೇಕಾಗಲಿಲ್ಲ. ಅದು ಚಿಕ್ಕದೂ ಅಲ್ಲ, ಅದರೊಳಗೆ ಓಡುವುದು ಕೋಟಿಗಟ್ಟಲೆ ಸಾಲಿನ ಲಿನಕ್ಸ್. ಚಿಕ್ಕತನ ಹಿಂದಿರುಗದಿದ್ದರೂ ಆಹ್ವಾನವನ್ನು ಮತ್ತೆ ತರಬಹುದೆಂದು ಅದು ಮಾಡಿ ತೋರಿಸಿತು.

ಕೊನೆಯದಾಗಿ ಇಂದಿನ ಆಕ್ಷೇಪಣೆ. ಈಗ ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ, ನಮ್ಮ ಮಾತಿನಲ್ಲಿ ಕೇಳಿದರೆ ಸಾಕು, ಎಲ್ಲರೂ ಆಜ್ಞೆ ಕಲಿಯುವ ಕಾಲ ಮುಗಿಯಿತು ಎನ್ನುತ್ತಾರೆ. ಈ ಭರವಸೆ ಹೊಸದೇನಲ್ಲ. ಕೋಬಾಲ್ ಹುಟ್ಟಿದಾಗ ಅದರ ಸಾಲುಗಳು ಇಂಗ್ಲಿಷ್ ವಾಕ್ಯದಂತಿರುವುದರಿಂದ ಕಚೇರಿಯ ಮೇಲಧಿಕಾರಿಯೂ ಅದನ್ನು ಓದಿ ತಿಳಿಯಬಲ್ಲ ಎಂಬ ನಿರೀಕ್ಷೆ ಇತ್ತು. ಅರವತ್ತು ವರ್ಷಗಳ ಮೇಲೆ, 2020ರ ಏಪ್ರಿಲ್‌ನಲ್ಲಿ, ಕೋವಿಡ್ ಬಂದು ಕೆಲಸ ಕಳೆದುಕೊಂಡವರ ಅರ್ಜಿಗಳು ಮಹಾಪೂರವಾಗಿ ಹರಿದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಬೇಕಾಯಿತು. ಓದಲು ಸುಲಭವಾದ ಭಾಷೆ ಇತ್ತು, ಓದುವವರನ್ನು ಉಳಿಸಿಕೊಂಡಿರಲಿಲ್ಲ. ಯಂತ್ರ ಬರೆದುಕೊಟ್ಟ ಪ್ರೋಗ್ರಾಮಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಪಿಂಚಣಿ ಯಾರಿಗೆ ಸಲ್ಲಬೇಕು, ಸಾಲ ಯಾರಿಗೆ ಸಿಗಬಾರದು ಎಂದು ತೀರ್ಮಾನಿಸುವ ಸಾಲುಗಳನ್ನು ಯಾರೋ ಒಬ್ಬರು ಓದಿ, ಇಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬೇಕಾಗುತ್ತದೆ. ಕೆಮೆನಿ ಮತ್ತು ಕರ್ಟ್ಜ್ ಇತಿಹಾಸದ ವಿದ್ಯಾರ್ಥಿಗೆ ಹದಿನೈದು ಆಜ್ಞೆ ಕಲಿಸಿದ್ದು ಆತ ಪ್ರೋಗ್ರಾಮರ್ ಆಗಲಿ ಎಂದಲ್ಲ, ಅಧಿಕಾರದ ಕುರ್ಚಿಯಲ್ಲಿ ಕೂತಾಗ ಯಂತ್ರ ಹೇಳಿದ್ದಕ್ಕೆಲ್ಲ ತಲೆಯಾಡಿಸದಿರಲಿ ಎಂದು.

ಕರ್ನಾಟಕದ ಬಹಳಷ್ಟು ಮಕ್ಕಳಿಗೆ ಇಂದು ಮೊದಲ ಕಂಪ್ಯೂಟರ್ ಎಂದರೆ ಮನೆಯವರ ಫೋನು. 4 ಗಿಗಾಬೈಟ್ ಮೆಮರಿಯ ಸಾಧಾರಣ ಫೋನಿನಲ್ಲಿ ಕಮೋಡೋರ್ 64ರಲ್ಲಿ ಇದ್ದದ್ದರ 65,536 ಪಟ್ಟು ಜಾಗವಿದೆ. ಕನ್ನಡ ಅಕ್ಷರ ಈಗ ತಾನಾಗಿ ಮೂಡುತ್ತದೆ, ಅಂದಿಗೆ ಇಲ್ಲದ ಭಾಗ್ಯ ಅದು. ಆ ಫೋನು ತೆರೆದರೆ ನೋಡಲು, ಕೇಳಲು, ಕೊಳ್ಳಲು ಕರೆಯುವ ಚಿತ್ರಗಳು ಸಾಲುಸಾಲಾಗಿ ನಿಲ್ಲುತ್ತವೆ. ಅವುಗಳ ಪಕ್ಕದಲ್ಲಿ, ಅಂಗಡಿಯಿಂದ ಬರುವಾಗಲೇ, ಒಂದು ಖಾಲಿ ಪರದೆ ಇರಬೇಕು. ಅದರಲ್ಲಿ ಕನ್ನಡದಲ್ಲಿಯೇ ಹತ್ತು ಹದಿನೈದು ಆಜ್ಞೆಗಳು, ಐದನೆಯ ತರಗತಿಯ ಮಗು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಕೈಪಿಡಿ, ಮತ್ತು ತಪ್ಪಾದಾಗ ಹೇಳಲು ಮೂರು ಮಾತು: ಏನು, ಹೇಗೆ, ಕ್ಷಮಿಸಿ. ಇದನ್ನು ಫೋನಿಗೆ ತುಂಬಲು ಬೇಕಾಗುವ ಜಾಗ ಒಂದು ಛಾಯಾಚಿತ್ರಕ್ಕೆ ಬೇಕಾಗುವಷ್ಟೂ ಇಲ್ಲ.